ಹಿತ್ತಲಿನಿಂದ ನೀಹಾರಿಕೆಯ ಛಾಯಾಗ್ರಹಣ: ನಗರವಾಸಿ ಆಸಕ್ತರಿಗೆ ಮಾಹಿತಿ

ಪೀಠಿಕೆ

ನಗರದ ಬೆಳಕಿನಲ್ಲಿ ನಕ್ಷತ್ರಗಳೇ ಸರಿಯಾಗಿ ಕಾಣುವುದಿಲ್ಲ. ಹೀಗಿರುವಾಗ ಬಡಾವಣೆಯ ಮನೆಯ ಹಿತ್ತಲಿನಿಂದ ನೀಹಾರಿಕೆಯೊಂದರ ಸೂಕ್ಷ್ಮ ವಿವರಗಳುಳ್ಳ ಚಿತ್ರವನ್ನು ತೆಗೆಯಲು ಸಾಧ್ಯವೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಹವ್ಯಾಸಿಗಳೂ ಅನೇಕ ಬಾರಿ ಕೇಳುತ್ತಾರೆ. ಸಾಧ್ಯವಿದೆ. ಆದರೆ ಅದಕ್ಕೆ ಮೊದಲು ಎರಡು ತೊಂದರೆಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳುವುದು ಅವಶ್ಯಕ. ಬೀದಿದೀಪಗಳ ಬೆಳಕು ಆಕಾಶದಲ್ಲಿ ಹರಡಿ ಮಸುಕಾದ ಭಾಗಗಳನ್ನು ಮುಳುಗಿಸುತ್ತದೆ; ಇದು ಒಂದು. ಗಾಳಿಯ ಕದಲಿಕೆ, ದೂರದರ್ಶಕದ ತಪ್ಪು ನಾಭೀಕರಣ ಮತ್ತು ಭೂಮಿಯ ಭ್ರಮಣ ಇವು ಮೂರೂ ಸೇರಿ ಚಿತ್ರವನ್ನು ಕದಡುತ್ತವೆ, ಇದು ಇನ್ನೊಂದು. ಬೀದಿದೀಪವು ಚಿತ್ರವನ್ನು ಮಸುಕುಗೊಳಿಸೀತೇ ಹೊರತು ಕದಡಲಾರದು. ಎಂದರೆ, ಕತ್ತಲೆಯ ಕಾಡಿಗೆ ಹೋದ ಮಾತ್ರಕ್ಕೆ ಸ್ಫುಟತೆ ದೊರೆಯುವುದಿಲ್ಲ, ಊರಿನಲ್ಲಿ ಉಳಿದ ಮಾತ್ರಕ್ಕೆ ಅದು ಕೈತಪ್ಪುವುದೂ ಇಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹಲವರು ಸ್ಫುಟತೆ ಸಾಲದೆಂದು ದುಬಾರಿ ಫಿಲ್ಟರುಗಳನ್ನು ಕೊಂಡು ನಿರಾಶರಾಗುತ್ತಾರೆ.

ಈ ಲೇಖನದಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು, ಅಂದರೆ ಒರಾಯನ್ ನೀಹಾರಿಕೆಯನ್ನು, ಉದಾಹರಣೆಯಾಗಿ ತೆಗೆದುಕೊಂಡು ವಿಷಯವನ್ನು ವಿವರಿಸಲಾಗಿದೆ.

ಹಿತ್ತಲಿನಿಂದಲೇ ಆರಂಭ

ನೀಹಾರಿಕೆಯೊಂದರ ಮೊತ್ತಮೊದಲ ಛಾಯಾಚಿತ್ರವೂ ಇದೇ ಒರಾಯನ್ ನೀಹಾರಿಕೆಯದು. ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ಅವರು 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ನಗರದ ಸಮೀಪದಲ್ಲಿದ್ದ ತಮ್ಮ ಸ್ವಂತ ವೀಕ್ಷಣಾಲಯದಲ್ಲಿ 11 ಅಂಗುಲದ ದೂರದರ್ಶಕದ ಮೂಲಕ ಸುಮಾರು 50 ನಿಮಿಷಗಳ ಕಾಲ ಗಾಜಿನ ಫಲಕಕ್ಕೆ ಬೆಳಕುಣಿಸಿ ಇದನ್ನು ಸಾಧಿಸಿದರು. ಆ ಚಿತ್ರದಲ್ಲಿ ನೀಹಾರಿಕೆಯ ಪ್ರಕಾಶಮಾನವಾದ ನಡುಭಾಗ ಮಾತ್ರ ಮೂಡಿತ್ತು. ಮೂರು ವರ್ಷಗಳೊಳಗೆ, 1883ರ ಜನವರಿ 30ರಂದು, ಆಂಡ್ರ್ಯೂ ಐನ್ಸ್ಲಿ ಕಾಮನ್ ಎಂಬವರು ತೆಗೆದ ಚಿತ್ರದಲ್ಲಿ ನೀಹಾರಿಕೆಯ ರೆಕ್ಕೆಗಳಂತಹ ಹರಹುಗಳೂ, ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದಿದ್ದ ನಕ್ಷತ್ರಗಳೂ ಕಾಣಿಸಿಕೊಂಡವು. ಕಾಮನ್ ವೃತ್ತಿಯಿಂದ ನೈರ್ಮಲ್ಯ ಇಂಜಿನಿಯರ್. ಅವರ 36 ಅಂಗುಲದ ದೂರದರ್ಶಕ ನಿಂತಿದ್ದುದು ಲಂಡನ್ನಿನ ಹೊರವಲಯದ ಈಲಿಂಗ್ ಎಂಬಲ್ಲಿ, ಅವರ ಮನೆಯ ತೋಟದಲ್ಲಿ. ಈ ಸಾಧನೆಗಾಗಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು 1884ರಲ್ಲಿ ಅವರಿಗೆ ಸ್ವರ್ಣಪದಕವನ್ನು ನೀಡಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ವಿಷಯದಲ್ಲಿ ಹುಟ್ಟಿನಿಂದಲೇ ಸುಳ್ಳಾಗಿದೆ.

ಕಾಮನ್ ಅವರಿಗಿಲ್ಲದ ಒಂದು ಅನುಕೂಲ ನಮ್ಮ ರಾಜ್ಯದವರಿಗೆ ಇದೆ. ಒರಾಯನ್ ನೀಹಾರಿಕೆಯು ಖಗೋಳ ವಿಷುವದ್ವೃತ್ತದಿಂದ ಸುಮಾರು 5 ಡಿಗ್ರಿ ದಕ್ಷಿಣಕ್ಕಿದೆ. ಲಂಡನ್ನಿನಲ್ಲಿ ಅದು ದಿಗಂತದಿಂದ ಹೆಚ್ಚೆಂದರೆ 33 ಡಿಗ್ರಿ ಎತ್ತರಕ್ಕೆ ಏರುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಾದರೋ 71 ಡಿಗ್ರಿಗೂ ಮೇಲಕ್ಕೆ. ಲಂಡನ್ನಿನ ವೀಕ್ಷಕನು ನೆತ್ತಿಯ ಮೇಲಿನ ವಾಯುಪದರದ ಸುಮಾರು 1.8ರಷ್ಟು ದಪ್ಪದ ಗಾಳಿಯ ಮೂಲಕ ನೋಡಬೇಕಾದರೆ ಬೆಂಗಳೂರಿನವರಿಗೆ 1.05ರಷ್ಟು ಸಾಕು. ಬೆಂಗಳೂರಿನಲ್ಲಿ ಒಂದು ರಾತ್ರಿಗೆ ಸುಮಾರು ಐದೂವರೆ ಗಂಟೆಗಳ ಕಾಲ ಈ ನೀಹಾರಿಕೆ 45 ಡಿಗ್ರಿಗಿಂತ ಎತ್ತರದಲ್ಲಿರುತ್ತದೆ. ಲಂಡನ್ನಿನಲ್ಲಿ ಆ ಎತ್ತರಕ್ಕೆ ಅದು ಎಂದೂ ಬರುವುದಿಲ್ಲ.

ನೀಹಾರಿಕೆಯ ಸ್ವರೂಪ ಮತ್ತು ಕಾಣುವ ಕಾಲ

ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ, ಖಡ್ಗವೆಂದು ಕರೆಯಲಾಗುವ ಸಾಲಿನ ಮಧ್ಯದಲ್ಲಿ, ಮಂಜಿನ ಹನಿಯಂತೆ ತೋರುವ ಚುಕ್ಕೆಯೇ ಒರಾಯನ್ ನೀಹಾರಿಕೆ. ಮೆಸಿಯೆ ಪಟ್ಟಿಯಲ್ಲಿ ಇದರ ಸಂಖ್ಯೆ 42. ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷಗಳ ದೂರದಲ್ಲಿರುವ ಈ ಅನಿಲ ಮತ್ತು ಧೂಳಿನ ಮೋಡದಲ್ಲಿ ಹೊಸ ನಕ್ಷತ್ರಗಳು ಜನಿಸುತ್ತಿವೆ. ಅದರ ನಡುವೆ ಒತ್ತೊತ್ತಾಗಿರುವ ನಾಲ್ಕು ನಕ್ಷತ್ರಗಳ ಗುಂಪಿಗೆ ಟ್ರಪೀಜಿಯಂ ಎಂದು ಹೆಸರು. ಅವುಗಳಲ್ಲಿ ಅತ್ಯಂತ ಪ್ರಖರವಾದ ನಕ್ಷತ್ರದ ಅತಿನೇರಳೆ ಕಿರಣಗಳು ಸುತ್ತಲಿನ ಅನಿಲದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು, ಅನಿಲವು ತಾನೇ ಬೆಳಗುವಂತೆ ಮಾಡುತ್ತವೆ. ಆಕಾಶದಲ್ಲಿ ನೀಹಾರಿಕೆಯ ವಿಸ್ತಾರ ಸುಮಾರು ಒಂದು ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರಬಿಂಬದ ಎರಡರಷ್ಟು ಅಗಲ.

ಡಿಸೆಂಬರ್ ಮಧ್ಯಭಾಗದಲ್ಲಿ ಇದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅತ್ಯುನ್ನತ ಸ್ಥಾನಕ್ಕೆ ಬರುತ್ತದೆ. ಜನವರಿ ಮಧ್ಯಭಾಗದಲ್ಲಿ ರಾತ್ರಿ ಸುಮಾರು ಹತ್ತೂಕಾಲಕ್ಕೆ, ಫೆಬ್ರವರಿ ಮಧ್ಯಭಾಗದಲ್ಲಿ ಎಂಟೂಕಾಲಕ್ಕೆ. ಮಳೆಗಾಲದ ಆರಂಭದಲ್ಲಿ ಈ ಪುಂಜ ಸೂರ್ಯನ ಸಮೀಪವಿರುವುದರಿಂದ ಮೋಡಗಳಿಂದ ನಮಗೆ ಆಗುವ ನಷ್ಟವೂ ಕಡಿಮೆ.

ಸ್ಫುಟತೆಯ ಮಿತಿ ಎಲ್ಲಿದೆ?

ಆಕಾಶದ ಕೋನಗಳನ್ನು ಅಳೆಯಲು ಒಂದು ಡಿಗ್ರಿಯನ್ನು 3,600 ಭಾಗ ಮಾಡಿ, ಒಂದೊಂದು ಭಾಗವನ್ನು ಆರ್ಕ್‌ಸೆಕೆಂಡ್ ಎಂದು ಕರೆಯುತ್ತಾರೆ. ನಮ್ಮ ಪಂಚಾಂಗಕರ್ತರು ವಿಕಲೆ ಎನ್ನುವುದು ಇದನ್ನೇ. 100 ಮಿಲಿಮೀಟರ್ ವ್ಯಾಸದ ಸಾಧಾರಣ ದೂರದರ್ಶಕವು ತತ್ತ್ವತಃ ಸುಮಾರು 1.2 ಆರ್ಕ್‌ಸೆಕೆಂಡ್ ಅಂತರದ ಎರಡು ನಕ್ಷತ್ರಗಳನ್ನು ಬೇರ್ಪಡಿಸಿ ತೋರಿಸಬಲ್ಲದು. 200 ಮಿಲಿಮೀಟರಿನದು ಅದರ ಅರ್ಧದಷ್ಟು. ಆದರೆ ದೀರ್ಘ ಎಕ್ಸ್‌ಪೋಷರಿನಲ್ಲಿ ಗಾಳಿಯ ಕದಲಿಕೆಯೇ ನಕ್ಷತ್ರಬಿಂಬವನ್ನು ಸಾಮಾನ್ಯವಾಗಿ 2ರಿಂದ 4 ಆರ್ಕ್‌ಸೆಕೆಂಡ್ ಅಗಲದ ಚುಕ್ಕೆಯನ್ನಾಗಿ ಹರಡಿಬಿಡುತ್ತದೆ. ಆದ್ದರಿಂದ ಬಡಾವಣೆಯ ಹಿತ್ತಲಿನಲ್ಲಿ ಸ್ಫುಟತೆಯನ್ನು ನಿರ್ಧರಿಸುವುದು ಬಹುಪಾಲು ದೂರದರ್ಶಕದ ಗಾತ್ರವಲ್ಲ, ಅದರ ಮುಂದಿರುವ ಗಾಳಿ.

ಇದರಿಂದ ಖರ್ಚಿನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಬಹುದು. 600 ಮಿಲಿಮೀಟರ್ ನಾಭಿದೂರದ ದೂರದರ್ಶಕಕ್ಕೆ 3.76 ಮೈಕ್ರೋಮೀಟರ್ ಪಿಕ್ಸೆಲ್‌ಗಳ ಕ್ಯಾಮೆರಾ ಜೋಡಿಸಿದಾಗ ಒಂದು ಪಿಕ್ಸೆಲ್ ಆಕಾಶದ ಸುಮಾರು 1.3 ಆರ್ಕ್‌ಸೆಕೆಂಡ್ ಭಾಗವನ್ನು ಆವರಿಸುತ್ತದೆ. ಗಾಳಿಯು 3 ಆರ್ಕ್‌ಸೆಕೆಂಡಿನ ಚುಕ್ಕೆಯನ್ನು ಕೊಡುವ ರಾತ್ರಿಗಳಲ್ಲಿ ಇದಕ್ಕಿಂತ ಹೆಚ್ಚಿನ ವರ್ಧನೆಯಿಂದ ಕದಡಿದ ಚುಕ್ಕೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ. ಮೊದಲು ದೊಡ್ಡ ದೂರದರ್ಶಕ ಕೊಂಡು ಉಳಿದ ಹಣಕ್ಕೆ ಪೀಠವನ್ನು ಹುಡುಕುವವರಿಗಿಂತ, ಗಟ್ಟಿಯಾದ ಪೀಠ ಕೊಂಡು ಉಳಿದ ಹಣಕ್ಕೆ ದೂರದರ್ಶಕವನ್ನು ಹುಡುಕುವವರೇ ಹೆಚ್ಚು ಉತ್ತಮ ಚಿತ್ರ ತೆಗೆಯುತ್ತಾರೆ.

ಸ್ಥಳದ ಆಯ್ಕೆ

ಗಾಳಿಯ ಕದಲಿಕೆಯಲ್ಲಿ ಮೇಲಿನ ವಾಯುಮಂಡಲದ ಪಾಲು ನಮ್ಮ ಕೈಯಲ್ಲಿಲ್ಲ. ನೆಲದ ಸಮೀಪದ ಪಾಲು ಬಹಳಷ್ಟು ನಮ್ಮ ಕೈಯಲ್ಲಿದೆ. ನಮ್ಮಲ್ಲಿ ಆಕಾಶ ನೋಡಬೇಕೆಂದರೆ ಎಲ್ಲರೂ ತಾರಸಿಗೆ ಹತ್ತುತ್ತಾರೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಸೂರ್ಯಾಸ್ತದ ನಂತರ ಹಲವು ಗಂಟೆಗಳ ಕಾಲ ಶಾಖವನ್ನು ಬಿಡುತ್ತಿರುತ್ತದೆ, ಮೇಲೇಳುವ ಆ ಬಿಸಿಗಾಳಿಯ ಮೂಲಕವೇ ದೂರದರ್ಶಕ ನೋಡಬೇಕಾಗುತ್ತದೆ. ಸಾಲದ್ದಕ್ಕೆ, ತಾರಸಿಯಲ್ಲಿ ಒಬ್ಬರು ನಡೆದಾಡಿದರೂ ಆ ಕಂಪನ ಚಿತ್ರದಲ್ಲಿ ಕಾಣುತ್ತದೆ. ಮಣ್ಣು ಅಥವಾ ಹುಲ್ಲಿನ ನೆಲವಿರುವ ಹಿತ್ತಲು, ಅದರಿಂದ ಕಾಣುವ ಆಕಾಶ ಕಿರಿದಾಗಿದ್ದರೂ, ಹೆಚ್ಚು ಯೋಗ್ಯ. ಹವಾನಿಯಂತ್ರಕದ ಹೊರಘಟಕ, ಅಡುಗೆಮನೆಯ ಹೊಗೆಗೂಡು ಮತ್ತು ತಗಡಿನ ಛಾವಣಿಗಳ ನೇರಕ್ಕೆ ದೂರದರ್ಶಕವನ್ನು ತಿರುಗಿಸಬಾರದು. ತಾರಸಿ ಬಿಟ್ಟರೆ ಬೇರೆ ಸ್ಥಳವಿಲ್ಲದವರು ನಡುರಾತ್ರಿಯ ನಂತರದ ಹೊತ್ತನ್ನು ಬಳಸಿಕೊಳ್ಳುವುದು ಉತ್ತಮ.

ದೂರದರ್ಶಕವನ್ನು ಕೆಲಸಕ್ಕೆ ಒಂದು ಗಂಟೆ ಮುಂಚಿತವಾಗಿ ಹೊರಗಿಟ್ಟರೆ ಅದರ ಕೊಳವೆಯೊಳಗಿನ ಗಾಳಿ ಹೊರಗಿನ ಉಷ್ಣತೆಗೆ ಹೊಂದಿಕೊಳ್ಳುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಸೂರದ ಮೇಲೆ ಇಬ್ಬನಿ ಕಟ್ಟುವುದು ದೊಡ್ಡ ತೊಡಕು. ಕೊಳವೆಯ ಬಾಯಿಗೆ ಉದ್ದನೆಯ ಮರೆ ಹಾಗೂ ಸಣ್ಣ ಪ್ರಮಾಣದ ಶಾಖ ನೀಡುವ ಪಟ್ಟಿಯಿಂದ ಇದನ್ನು ತಡೆಯಬಹುದು.

ಧ್ರುವ ನಕ್ಷತ್ರವೇ ಕಾಣದಿದ್ದರೆ

ಭೂಮಿಯ ಭ್ರಮಣದಿಂದಾಗಿ ಆಕಾಶವು ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡುಗಳಷ್ಟು ಸರಿಯುತ್ತದೆ. ಅರ್ಧ ನಿಮಿಷ ಸುಮ್ಮನಿದ್ದರೆ ನಕ್ಷತ್ರವು 450 ಆರ್ಕ್‌ಸೆಕೆಂಡ್ ಉದ್ದದ ಗೆರೆಯಾಗುತ್ತದೆ. ನಮಗೆ ಬೇಕಾದ ನಿಖರತೆಯಾದರೋ ಒಂದು ಆರ್ಕ್‌ಸೆಕೆಂಡಿನ ಆಸುಪಾಸಿನದು. ಆದ್ದರಿಂದ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವ ಸಮಭಾಜಕ ಪೀಠ ಅನಿವಾರ್ಯ. ಬಹುತೇಕ ಕೈಪಿಡಿಗಳು ಪೀಠದ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿಮಾಡಿ ಎಂದು ಹೇಳಿ ಮುಂದೆ ಹೋಗುತ್ತವೆ. ಅವು ಹೆಚ್ಚಿನ ಅಕ್ಷಾಂಶದ ದೇಶಗಳಲ್ಲಿ ಬರೆದವು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ ಮಾತ್ರ ಇರುತ್ತದೆ. ಪಕ್ಕದ ಮನೆ, ತೆಂಗಿನಮರ ಅಥವಾ ನಗರದ ಧೂಳು ಅದನ್ನು ಸುಲಭವಾಗಿ ಮರೆಮಾಡುತ್ತದೆ. ಪೀಠವನ್ನು ಅಷ್ಟು ತಗ್ಗಿಸಿದಾಗ ಸಮತೂಕದ ಸರಳು ಮುಕ್ಕಾಲಿಗೆ ತಾಗುವುದೂ ಉಂಟು. ಕೊಳ್ಳುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳತಕ್ಕದ್ದು.

ಧ್ರುವ ನಕ್ಷತ್ರ ಕಾಣದವರು ಸರಿತದ ವಿಧಾನವನ್ನು ಅನುಸರಿಸಬಹುದು. ದಕ್ಷಿಣೋತ್ತರ ರೇಖೆಯ ಸಮೀಪ, ವಿಷುವದ್ವೃತ್ತದ ಹತ್ತಿರವಿರುವ ಒಂದು ನಕ್ಷತ್ರವನ್ನು ಕೆಲವು ನಿಮಿಷ ಗಮನಿಸಿ, ಅದು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಿದ್ದರೆ ಪೀಠವನ್ನು ಎಡಕ್ಕೆ ಅಥವಾ ಬಲಕ್ಕೆ ತಿರುಗಿಸಿ ಸರಿಪಡಿಸಬೇಕು. ನಂತರ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರವೊಂದನ್ನು ಗಮನಿಸಿ ಪೀಠದ ಅಕ್ಷವನ್ನು ಮೇಲಕ್ಕೆ ಅಥವಾ ಕೆಳಕ್ಕೆ ಹೊಂದಿಸಬೇಕು. ಇದಕ್ಕೆ ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರಗಳೇ ಒದಗುತ್ತವೆ, ಏಕೆಂದರೆ ಅವು ವಿಷುವದ್ವೃತ್ತದ ಮಗ್ಗುಲಲ್ಲೇ ಇವೆ. ಕ್ಯಾಮೆರಾದ ಚಿತ್ರವನ್ನು ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ದೋಷವನ್ನು ತಿಳಿಸುವ ಗಣಕ ತಂತ್ರಾಂಶಗಳೂ ಇಂದು ಲಭ್ಯವಿವೆ. ಇಷ್ಟಾದ ಮೇಲೂ ಪೀಠದ ಹಲ್ಲುಚಕ್ರಗಳಲ್ಲಿ ಉಳಿಯುವ ಏರಿಳಿತವನ್ನು ಸರಿಪಡಿಸಲು ಎರಡನೆಯ ಸಣ್ಣ ಕ್ಯಾಮೆರಾ ಒಂದು ನಕ್ಷತ್ರವನ್ನು ಕಾಯುತ್ತಾ ಕೆಲವು ಸೆಕೆಂಡಿಗೊಮ್ಮೆ ಪೀಠಕ್ಕೆ ಆದೇಶ ಕಳುಹಿಸುತ್ತಿರಬೇಕು.

ನಾಭೀಕರಣದಲ್ಲಿ ಸಡಿಲಿಕೆ ಎಷ್ಟು ಕಡಿಮೆ ಎಂಬುದು ಹೊಸಬರ ಗಮನಕ್ಕೆ ಬಂದಿರುವುದಿಲ್ಲ. ನಾಭಿದೂರವು ವ್ಯಾಸದ ಐದರಷ್ಟಿರುವ ದೂರದರ್ಶಕದಲ್ಲಿ ಸ್ಫುಟವಾದ ಬಿಂಬ ಮೂಡುವ ವಲಯದ ದಪ್ಪ ಸುಮಾರು 30 ಮೈಕ್ರೋಮೀಟರ್, ಅಂದರೆ ತಲೆಗೂದಲಿಗಿಂತಲೂ ತೆಳು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆಯು ಉಷ್ಣತೆ ಒಂದು ಡಿಗ್ರಿ ಇಳಿದರೆ ಸುಮಾರು 23 ಮೈಕ್ರೋಮೀಟರ್ ಕುಗ್ಗುತ್ತದೆ. ಸಂಜೆ ಸರಿಮಾಡಿದ ನಾಭಿ ನಡುರಾತ್ರಿಗೆ ಕೆಟ್ಟಿರುತ್ತದೆ ಎಂದೇ ತಿಳಿದು ಗಂಟೆಗೊಮ್ಮೆ ಪರೀಕ್ಷಿಸಬೇಕು. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ತಿನೋವ್ ಅವರು 2005ರಲ್ಲಿ ರೂಪಿಸಿದ ಸೀಳುಗಳುಳ್ಳ ಮುಸುಕನ್ನು ದೂರದರ್ಶಕದ ಬಾಯಿಗೆ ಇಟ್ಟರೆ ನಕ್ಷತ್ರದಿಂದ ಮೂರು ಬೆಳಕಿನ ಗೆರೆಗಳು ಹೊರಡುತ್ತವೆ; ನಡುವಿನ ಗೆರೆ ಉಳಿದೆರಡರ ಸರಿಮಧ್ಯದಲ್ಲಿ ಹಾದರೆ ನಾಭಿ ಸರಿಯಾಗಿದೆ ಎಂದರ್ಥ. ರಟ್ಟಿನಲ್ಲಿ ಇದನ್ನು ಮನೆಯಲ್ಲಿಯೇ ಕತ್ತರಿಸಿಕೊಳ್ಳಬಹುದು.

ಬೆಳಕಿನ ಮಾಲಿನ್ಯ ಮತ್ತು ಫಿಲ್ಟರುಗಳು

ನಗರದ ಆಕಾಶವು ಒಳ್ಳೆಯ ಕತ್ತಲೆಯ ತಾಣದ ಆಕಾಶಕ್ಕಿಂತ ಮೂರು ಕಾಂತಿಮಾನದಷ್ಟು ಹೆಚ್ಚು ಬೆಳಕಾಗಿದೆ ಎಂದಿಟ್ಟುಕೊಳ್ಳೋಣ. ಅಂದರೆ ಸುಮಾರು 16 ಪಟ್ಟು. ಮಸುಕಾದ ಭಾಗವೊಂದನ್ನು ಅಲ್ಲಿ ಒಂದು ಗಂಟೆಯಲ್ಲಿ ಪಡೆದಷ್ಟೇ ನಿಚ್ಚಳವಾಗಿ ಇಲ್ಲಿ ಪಡೆಯಲು ಸುಮಾರು 16 ಗಂಟೆಗಳು ಬೇಕು. ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಗದ್ದಲವು ಚಿತ್ರಗಳ ಸಂಖ್ಯೆಯ ವರ್ಗಮೂಲದ ಅನುಪಾತದಲ್ಲಿ ಕುಗ್ಗುತ್ತದೆ; 100 ಚಿತ್ರಗಳಿಂದ ಹತ್ತು ಪಟ್ಟು ಲಾಭ, ಅದನ್ನು ಇಮ್ಮಡಿಗೊಳಿಸಲು 400 ಚಿತ್ರಗಳು. ಹಿತ್ತಲಿನ ಒಂದು ಪ್ರಯೋಜನ ಇಲ್ಲಿಯೇ ಇದೆ. ವರ್ಷಕ್ಕೆ ಎರಡು ಬಾರಿ ದೂರದ ಬೆಟ್ಟಕ್ಕೆ ಹೋಗಿಬರುವವರಿಗೆ ಸಿಗದ ಹತ್ತು ರಾತ್ರಿಗಳು ಮನೆಯಲ್ಲಿರುವವರಿಗೆ ಸಿಗುತ್ತವೆ.

ಇನ್ನೊಂದು ನೆರವು ನೀಹಾರಿಕೆಯ ಬೆಳಕಿನ ಸ್ವಭಾವದಿಂದಲೇ ಬರುತ್ತದೆ. 1864ರಲ್ಲಿ ವಿಲಿಯಂ ಹಗಿನ್ಸ್ ಅವರು, ಇವರೂ ಲಂಡನ್ನಿನ ಟಲ್ಸ್ ಹಿಲ್ ಎಂಬಲ್ಲಿದ್ದ ಮನೆಯ ವೀಕ್ಷಣಾಲಯದಿಂದಲೇ, ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದಿಂದ ಬಿಡಿಸಿ ನೋಡಿದಾಗ ಕಾಮನಬಿಲ್ಲಿನ ಬಣ್ಣಗಳ ಬದಲು ಕೆಲವೇ ಪ್ರಕಾಶರೇಖೆಗಳನ್ನು ಕಂಡರು. ಅವುಗಳಲ್ಲಿ ಹಸಿರು ರೇಖೆಗಳ ಮೂಲ ಆರು ದಶಕಗಳ ಕಾಲ ಒಗಟಾಗಿತ್ತು. ಅವು ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದಿಂದ ಬರುತ್ತವೆ ಎಂದು 1927ರಲ್ಲಿ ಐರಾ ಬೋವೆನ್ ತೋರಿಸಿದರು. ಅವುಗಳ ಪೈಕಿ ಮುಖ್ಯವಾದುದರ ತರಂಗಾಂತರ 500.7 ನ್ಯಾನೋಮೀಟರ್; ಜಲಜನಕದ ಕೆಂಪು ರೇಖೆಯದು 656.3. ಈ ರೇಖೆಗಳ ಸುತ್ತ 7 ನ್ಯಾನೋಮೀಟರ್ ಅಗಲವನ್ನು ಮಾತ್ರ ಬಿಡುವ ಫಿಲ್ಟರು ನೀಹಾರಿಕೆಯ ಆ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಒಳಬಿಟ್ಟು, 300 ನ್ಯಾನೋಮೀಟರ್ ವಿಸ್ತಾರದಲ್ಲಿ ಹರಡಿರುವ ನಗರದ ಬೆಳಕನ್ನು ಸುಮಾರು ನಲವತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಬೆಳದಿಂಗಳಿನಲ್ಲಿಯೂ ಜಲಜನಕದ ಫಿಲ್ಟರಿನಿಂದ ಕೆಲಸ ಮಾಡಬಹುದು. ಆಮ್ಲಜನಕದ ಫಿಲ್ಟರಿಗೆ ಚಂದ್ರನಿಲ್ಲದ ರಾತ್ರಿಗಳನ್ನು ಉಳಿಸಿಕೊಳ್ಳುವುದು ಲೇಸು.

ಆದರೆ ಫಿಲ್ಟರು ಎಲ್ಲವನ್ನೂ ಉಳಿಸಿಕೊಡುವುದಿಲ್ಲ. ಒರಾಯನ್ ನೀಹಾರಿಕೆಯ ಸುತ್ತಲಿನ ಧೂಳು ನಕ್ಷತ್ರಗಳ ಬೆಳಕನ್ನು ಪ್ರತಿಫಲಿಸಿ ನಸುನೀಲಿಯಾಗಿ ಕಾಣುತ್ತದೆ. ಈ ಬೆಳಕು ರೇಖೆಗಳಲ್ಲಿಲ್ಲ, ಎಲ್ಲ ಬಣ್ಣಗಳಲ್ಲೂ ಹರಡಿದೆ. ಹಿಂದಿನ ಸೋಡಿಯಂ ಬೀದಿದೀಪಗಳ ಬೆಳಕು ಬಹುಮಟ್ಟಿಗೆ 589 ನ್ಯಾನೋಮೀಟರಿನ ಆಸುಪಾಸಿನ ಹಳದಿಯಲ್ಲಿ ಕೇಂದ್ರೀಕೃತವಾಗಿದ್ದುದರಿಂದ ಅಷ್ಟನ್ನು ಕತ್ತರಿಸಿ ಉಳಿದುದನ್ನು ಬಳಸಿಕೊಳ್ಳಬಹುದಿತ್ತು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದ ನಂತರ ದೇಶದಾದ್ಯಂತ ವ್ಯಾಪಕವಾಗಿ ಅಳವಡಿಸಲಾದ ಎಲ್‌ಇಡಿ ದೀಪಗಳು ವಿದ್ಯುತ್ತನ್ನು ಗಣನೀಯವಾಗಿ ಉಳಿಸುತ್ತವೆ. ಆದರೆ ಬಿಳಿ ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲೂ ಇದೆ, 450 ನ್ಯಾನೋಮೀಟರಿನ ನೀಲಿಯಲ್ಲಿ ಒಂದು ಶಿಖರವೂ ಇದೆ. ಮತ್ತು ವಾಯುವಿನ ಅಣುಗಳು ಆ ನೀಲಿಯನ್ನು ಸೋಡಿಯಂ ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಹೀಗಾಗಿ ಬೆಳಗುವ ಅನಿಲವು ಹಿತ್ತಲಿಗೆ ದಕ್ಕಿದರೂ ನೀಲಿ ಧೂಳು ಕೈತಪ್ಪುತ್ತಿದೆ.

ಇದು ದೀಪದ ತಂತ್ರಜ್ಞಾನದ ದೋಷ ಎನ್ನುವುದಕ್ಕಿಂತ ಅದನ್ನು ಅಳವಡಿಸುವ ರೀತಿಯ ದೋಷ ಎನ್ನಬಹುದು. ಎಲ್‌ಇಡಿ ಬೆಳಕನ್ನು ಬೇಕಾದಲ್ಲಿಗೆ ಮಾತ್ರ ಬೀಳಿಸುವುದು ಹಳೆಯ ದೀಪಗಳಿಗಿಂತ ಸುಲಭ. ಮೇಲ್ಮುಖವಾಗಿ ಬೆಳಕು ಚೆಲ್ಲದ ಮರೆ, 3,000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ವರ್ಣತಾಪದ ದೀಪ, ತಡರಾತ್ರಿಯಲ್ಲಿ ತಗ್ಗಿಸಿದ ಪ್ರಖರತೆ ಇವುಗಳಿಂದ ರಸ್ತೆಗೆ ಬೆಳಕು ಕಡಿಮೆಯಾಗದೆ ಆಕಾಶಕ್ಕೆ ಕತ್ತಲೆ ಮರಳುತ್ತದೆ. ಬಡಾವಣೆಯ ನಿವಾಸಿಗಳು ಈ ಬಗ್ಗೆ ಸ್ಥಳೀಯ ಸಂಸ್ಥೆಗೆ ಮನವಿ ಸಲ್ಲಿಸಬಹುದು. ತಮ್ಮದೇ ಕಾಂಪೌಂಡಿನ ದೀಪಗಳನ್ನು ಕೆಳಮುಖವಾಗಿಸಲು ಯಾರ ಅನುಮತಿಯೂ ಬೇಡ. ಬೀದಿದೀಪವನ್ನು ತಾವೇ ಆರಿಸುವುದು, ಅದಕ್ಕೆ ಚೀಲ ಕಟ್ಟುವುದು ಮಾತ್ರ ಸಲ್ಲದು. ಅದು ಅಪಾಯಕರವೂ ಹೌದು.

ಎಕ್ಸ್‌ಪೋಷರ್

ಈ ನೀಹಾರಿಕೆಯ ನಡುಭಾಗ ಅತ್ಯಂತ ಪ್ರಕಾಶಮಾನವಾಗಿದ್ದು ಅಂಚುಗಳು ಅತಿ ಮಸುಕಾಗಿವೆ. ಅಂಚನ್ನು ಮೂಡಿಸುವಷ್ಟು ಹೊತ್ತು ತೆರೆದಿಟ್ಟರೆ ಟ್ರಪೀಜಿಯಂ ಸುತ್ತಲಿನ ಭಾಗ ಬರಿಯ ಬಿಳಿ ಮಚ್ಚೆಯಾಗುತ್ತದೆ. ಆದ್ದರಿಂದ ಎರಡರಿಂದ ಐದು ಸೆಕೆಂಡಿನ, ಅರ್ಧ ನಿಮಿಷದ ಮತ್ತು ಫಿಲ್ಟರಿನೊಂದಿಗೆ ಮೂರರಿಂದ ಐದು ನಿಮಿಷದ ಚಿತ್ರಗಳನ್ನು ಪ್ರತ್ಯೇಕವಾಗಿ ತೆಗೆದು ನಂತರ ಜೋಡಿಸಬೇಕು. ಅಲ್ಪಾವಧಿಯ ಚಿತ್ರಗಳಿಂದ ಇನ್ನೊಂದು ಲಾಭವಿದೆ: ಗಾಳಿ ನಿಶ್ಚಲವಾಗಿದ್ದ ಕ್ಷಣದವುಗಳನ್ನು ಆರಿಸಿ ಉಳಿದವನ್ನು ಬಿಟ್ಟುಬಿಡಬಹುದು. ಸೂಕ್ಷ್ಮ ವಿವರಗಳೆಲ್ಲ ಹೆಚ್ಚಾಗಿರುವುದು ಪ್ರಕಾಶಮಾನವಾದ ನಡುಭಾಗದಲ್ಲಿಯೇ ಆದುದರಿಂದ ಈ ಆಯ್ಕೆಯಲ್ಲಿ ನಿರ್ದಯರಾಗಿರುವುದು ಒಳ್ಳೆಯದು. ಸಂವೇದಕವನ್ನು ತಂಪಾಗಿಡುವ ಕ್ಯಾಮೆರಾಗಳಲ್ಲಿ ಉಷ್ಣತೆ ಸುಮಾರು 6 ಡಿಗ್ರಿ ಇಳಿದಂತೆಲ್ಲ ಶಾಖಜನ್ಯ ಗದ್ದಲ ಅರ್ಧವಾಗುತ್ತದೆ. ಮಸೂರ ಮುಚ್ಚಿ ತೆಗೆದ ಚಿತ್ರಗಳನ್ನೂ ಸಮನಾದ ಬಿಳಿಯ ಹಿನ್ನೆಲೆಯ ಚಿತ್ರಗಳನ್ನೂ ತಿದ್ದುಪಡಿಗಾಗಿ ಪ್ರತಿಸಲ ತೆಗೆದಿಡಬೇಕು.

ಕಂಡ ವಿವರ ನಿಜವೇ?

1,340 ಜ್ಯೋತಿರ್ವರ್ಷ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ ಭೂಮಿ ಮತ್ತು ಸೂರ್ಯನ ನಡುವಿನ ಅಂತರದ ಸುಮಾರು 410 ಪಟ್ಟು. ಹಿತ್ತಲಿನ ಚಿತ್ರದಲ್ಲಿ 2 ಆರ್ಕ್‌ಸೆಕೆಂಡಿನ ವಿವರ ದೊರೆತರೆ, ಅದು ನೆಪ್ಚೂನ್ ಗ್ರಹದ ಕಕ್ಷೆಯ ವ್ಯಾಸಕ್ಕಿಂತ ಹದಿಮೂರು ಹದಿನಾಲ್ಕು ಪಟ್ಟು ದೊಡ್ಡ ವಸ್ತು. ಅದಕ್ಕಿಂತ ಚಿಕ್ಕದಾದ ನೂಲಿನೆಳೆಗಳು ಪರದೆಯ ಮೇಲೆ ಕಂಡರೆ ಅವು ಆಕಾಶದಿಂದ ಬಂದವೇ ಎಂದು ಅನುಮಾನಿಸಬೇಕು. ಇಂದಿನ ತಂತ್ರಾಂಶಗಳು, ಅದರಲ್ಲೂ ಕೃತಕ ಬುದ್ಧಿಮತ್ತೆಯನ್ನು ಬಳಸುವವು, ಕದಡಿದ ಚಿತ್ರವನ್ನು ಹರಿತಗೊಳಿಸುವಾಗ ಇಲ್ಲದ ಎಳೆಗಳನ್ನು ಹೆಣೆದುಕೊಡುವುದುಂಟು. ಅಂತಹ ಚಿತ್ರ ನೋಡಲು ಸೊಗಸಾಗಿರಬಹುದು. ಅದರಲ್ಲಿ ನೀಹಾರಿಕೆಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂಬುದು ತೆಗೆದವರಿಗೂ ತಿಳಿದಿರುವುದಿಲ್ಲ.

ಪರೀಕ್ಷೆಗೆ ಸರಳವಾದ ಒಂದು ಕ್ರಮವಿದೆ. ತೆಗೆದ ಚಿತ್ರಗಳನ್ನು ಸಮಸಂಖ್ಯೆಯವು, ಬೆಸಸಂಖ್ಯೆಯವು ಎಂದು ಎರಡು ಪಾಲು ಮಾಡಿ, ಒಂದೊಂದನ್ನೂ ಪ್ರತ್ಯೇಕವಾಗಿ ಕೂಡಿಸಿ, ಒಂದೇ ರೀತಿಯಲ್ಲಿ ಸಂಸ್ಕರಿಸಬೇಕು. ಒಂದರಲ್ಲಿ ಮಾತ್ರ ಕಂಡ ಎಳೆಯು ಗದ್ದಲದಿಂದ ಹುಟ್ಟಿದ್ದು. ಎರಡರಲ್ಲಿಯೂ ಕಂಡುದನ್ನು ಹಬಲ್ ಬಾಹ್ಯಾಕಾಶ ದೂರದರ್ಶಕದ ತಂಡವು 2006ರಲ್ಲಿ ಪ್ರಕಟಿಸಿದ, 520 ಚಿತ್ರಗಳನ್ನು ಜೋಡಿಸಿ ಮಾಡಿದ ಇದೇ ನೀಹಾರಿಕೆಯ ಚಿತ್ರದೊಂದಿಗೆ ಹೋಲಿಸಬಹುದು. ಅದರಲ್ಲಿಯೂ ಅದೇ ಸ್ಥಳದಲ್ಲಿ, ಅದೇ ಬಾಗಿನಲ್ಲಿ ಆ ಎಳೆ ಇದ್ದರೆ ಅದನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಹರಿತಗೊಳಿಸುವಿಕೆಯನ್ನು ಒಂದು ಹಂತ ಹಿಂದಕ್ಕೆ ತರಬೇಕು. ಮೂಲ ಚಿತ್ರಗಳನ್ನು ದಿನಾಂಕ, ಸಮಯ, ಫಿಲ್ಟರು ಮತ್ತು ಒಟ್ಟು ಎಕ್ಸ್‌ಪೋಷರಿನ ವಿವರಗಳೊಂದಿಗೆ ಅಳಿಸದೆ ಕಾಪಾಡಿಕೊಂಡಲ್ಲಿ ಮುಂದಿನ ವರ್ಷದ ಡಿಸೆಂಬರಿನಲ್ಲಿ ತೆಗೆದವುಗಳನ್ನು ಅವಕ್ಕೇ ಸೇರಿಸಬಹುದಾಗಿದೆ.